ಸಾಂಗ್ಲಿ–ಮಿರಜ ಸೀಮೆಯಲ್ಲಿ ಮಕ್ಕಳ ಭಾಷೆ ಮತ್ತು ಬುದ್ಧಿಯ ಬೆಳವಣಿಗೆ

ಕೃಷ್ಣಾ ದಂಡೆಯ ಸಾಂಗ್ಲಿ, ಅದರ ಜೋಡಿ ಊರು ಮಿರಜ ಮತ್ತು ಪಕ್ಕದ ಕುಪ್ವಾಡ 1998ರಿಂದ ಒಂದೇ ಮಹಾನಗರಪಾಲಿಕೆಗೆ ಸೇರಿವೆ. ಮಹಾರಾಷ್ಟ್ರದ ರಾಜ್ಯಭಾಷೆ ಮರಾಠಿಯಾದರೂ ಮಿರಜ ಸುತ್ತಲಿನ ಹಳ್ಳಿಗಳಲ್ಲಿ, ಪೂರ್ವದ ಜತ್ತ ತಾಲ್ಲೂಕಿನಲ್ಲಿ ಕನ್ನಡ ಮನೆಮಾತಿನ ಕುಟುಂಬಗಳು ಬಹಳ. ಅಂಥ ಮನೆಯ ಮಗು ಅವ್ವನಿಂದ ಒಂದು ಭಾಷೆಯನ್ನೂ ಓಣಿಯಿಂದ ಇನ್ನೊಂದನ್ನೂ ಕಲಿಯುತ್ತದೆ.

ಕಲಿಕೆ ಮಾತು ಬರುವ ಮೊದಲೇ ಶುರುವಾಗುತ್ತದೆ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರು ಹಿಂದಿಯ ತ–ಟ ವ್ಯತ್ಯಾಸವನ್ನು ಇಂಗ್ಲಿಷ್ ಮನೆಗಳ ಕೂಸುಗಳು ಆರರಿಂದ ಎಂಟು ತಿಂಗಳಲ್ಲಿ ಗುರುತಿಸುತ್ತವೆ, ವರ್ಷ ತುಂಬುವ ಹೊತ್ತಿಗೆ ಬಹುಪಾಲು ಕಳೆದುಕೊಳ್ಳುತ್ತವೆ ಎಂದು ತೋರಿಸಿದರು. ಮಿರಜದ ಕೂಸಿಗೆ ಆ ನಷ್ಟವಿಲ್ಲ. ತ–ಟ, ಲ–ಳ ಎರಡೂ ಭಾಷೆಗಳಲ್ಲಿವೆ. ಆದರೆ ‘ಕೊಡು’ ಮತ್ತು ‘ಕೋಡು’ಗಳನ್ನು ಬೇರೆ ಮಾಡುವ ಒ–ಓ ಭೇದ ಮರಾಠಿಯಲ್ಲಿ ಅರ್ಥ ಬದಲಿಸುವುದಿಲ್ಲ. ಅದನ್ನು ಮನೆಯ ಕನ್ನಡವೇ ಕಲಿಸಬೇಕು.

ಸುಮಾರು ವರ್ಷಕ್ಕೆ ಮೊದಲ ಪದ, ಎರಡು ವರ್ಷದೊಳಗೆ ಎರಡು ಪದಗಳ ಜೋಡಣೆ, ಆಮೇಲೆ ವ್ಯಾಕರಣ. ಮೂರು ವರ್ಷದ ಕನ್ನಡ ಮಕ್ಕಳ ಮೇಲೆ ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ‘ಏರು’ ಎಂಬುದು ‘ಏರಿಸು’ ಆದಾಗ ಮಾಡಿಸುವ ಅರ್ಥವನ್ನು ತಿಳಿಸುವುದು ‘ಇಸು’ ಪ್ರತ್ಯಯ. ದೊಡ್ಡವರು ಅದನ್ನು ಹಿಡಿದು ಅರ್ಥ ಮಾಡಿಕೊಳ್ಳುತ್ತಾರೆ. ಮಕ್ಕಳು ಮಾತ್ರ ಪ್ರತ್ಯಯವನ್ನು ಬಿಟ್ಟು, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ಆಧರಿಸಿದರು. ಕಿವಿಗೆ ಬಿದ್ದದ್ದನ್ನು ಒಪ್ಪಿಸುವುದಷ್ಟೇ ಭಾಷಾಕಲಿಕೆಯಲ್ಲ ಎಂಬುದಕ್ಕೆ ಕನ್ನಡ ಕೊಟ್ಟ ಬಲವಾದ ಸಾಕ್ಷಿ ಇದು.

ಲಿಂಗದ ವಿಷಯದಲ್ಲಿ ಎರಡು ಭಾಷೆಗಳ ದಾರಿ ಬೇರೆ. ಕನ್ನಡದಲ್ಲಿ ರಸ್ತೆ, ನದಿ, ಗಿಡ ಎಲ್ಲವೂ ‘ಅದು’. ಮರಾಠಿಯಲ್ಲಿ ರಸ್ತಾ ಪುಲ್ಲಿಂಗ, ನದೀ ಸ್ತ್ರೀಲಿಂಗ, ಝಾಡ ನಪುಂಸಕಲಿಂಗ. ಆದರೆ ಒಂದೇ ಊರಿನಲ್ಲಿ ಬೆರೆತು ಬಾಳಿದರೆ ಇಂಥ ಅಂತರ ಕರಗಬಹುದು. ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ‘ಕುಪ್ವಾರ್’ ಎಂಬ ಹೆಸರಿನಲ್ಲಿ ಬರೆದದ್ದು ಸಾಂಗ್ಲಿ ಜಿಲ್ಲೆಯದೇ ಒಂದು ಹಳ್ಳಿಯ ಬಗ್ಗೆ. ಆಗ ಅಲ್ಲಿ ಸುಮಾರು 3000 ಜನ. ಜೈನರ ಕನ್ನಡ, ಮುಸ್ಲಿಮರ ಉರ್ದು, ಇವುಗಳ ಜೊತೆಗೆ ಮರಾಠಿ, ಸ್ವಲ್ಪ ತೆಲುಗು. ಪದಗಳು ಬೇರೆ ಬೇರೆಯಾಗಿಯೇ ಉಳಿದು, ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದಾಗಿತ್ತು. ಅಲ್ಲಿನ ಉರ್ದುವಿನಲ್ಲಿ ನದಿ ಸ್ತ್ರೀಲಿಂಗವಾಗಿ ಉಳಿದಿರಲಿಲ್ಲ. ಅಲ್ಲಿನ ಕನ್ನಡದಲ್ಲಿ, ನಾವು ‘ಇದು ನಿಮ್ಮ ಮನೆ’ ಎಂದು ನಿಲ್ಲಿಸುವಲ್ಲಿ, ಮರಾಠಿಯ ಹಾಗೆ ‘ಐತಿ’ ಸೇರುತ್ತಿತ್ತು. ಇಂಥ ಮಾತನ್ನು ಮಗು ಆಡಿದರೆ ಅದನ್ನು ಕೆಟ್ಟ ಕನ್ನಡ ಎನ್ನುವುದು ಅನ್ಯಾಯ. ಮಗು ತನ್ನ ಊರಿನ ವ್ಯಾಕರಣವನ್ನು ಸರಿಯಾಗಿಯೇ ಕಲಿತಿದೆ.

ಭಾಷೆ ಯೋಚನೆಯನ್ನು ಎಲ್ಲಿ ಮುಟ್ಟುತ್ತದೆ ಎಂಬುದು ಎಣಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ. ಸಾಲಾಗಿಟ್ಟ ನಾಣ್ಯಗಳನ್ನು ದೂರ ದೂರ ಸರಿಸಿದರೆ ‘ಹೆಚ್ಚಾದವು’ ಎನ್ನುವ ಮಗು ಆರೇಳು ವರ್ಷದ ಹೊತ್ತಿಗೆ ‘ಅಷ್ಟೇ ಇವೆ’ ಎನ್ನುತ್ತದೆ ಎಂದು ಮನೋವಿಜ್ಞಾನಿ ಜೀನ್ ಪಿಯಾಜೆ ತೋರಿಸಿದರು. ಸಂಖ್ಯೆಗಳ ಹೆಸರು ಬರುವುದೇ ಬೇರೆ, ಸಂಖ್ಯೆ ತಿಳಿಯುವುದೇ ಬೇರೆ. ಆದರೂ ಹೆಸರಿನ ಕಟ್ಟಿಗೂ ಮಹತ್ವವಿದೆ. ಕನ್ನಡದ ‘ಇಪ್ಪತ್ತೊಂದು’ ಬರೆಯುವ ಕ್ರಮದಲ್ಲೇ ಹತ್ತನ್ನು ಮುಂದಿಡುತ್ತದೆ. ಮರಾಠಿಯ ‘ಏಕವೀಸ’ ಬಿಡಿಯನ್ನು ಮುಂದಿಡುತ್ತದೆ. 29 ಅಲ್ಲಿ ‘ಏಕೋಣತೀಸ’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೇ ತರಗತಿಯ ಗಣಿತದಲ್ಲಿ ‘ವೀಸ ಏಕ’ ಎಂದು ಹೇಳುವ ಕ್ರಮವನ್ನು ತಂದಾಗ ದೊಡ್ಡ ವಿವಾದವೆದ್ದಿತು. ಗಣಿತ ಸಮಿತಿಯ ಅಧ್ಯಕ್ಷೆ ಮಂಗಲಾ ನಾರಳೀಕರ ಮಕ್ಕಳಿಗೆ ಇದು ಸುಲಭವೆಂದು ಸಮರ್ಥಿಸಿಕೊಂಡರು. ಆ ಅನುಕೂಲ ಕನ್ನಡ ಮನೆಯ ಮಗುವಿಗೆ ಹುಟ್ಟಿನಿಂದಲೇ ಇದೆ.

ಎರಡು ಭಾಷೆ ಮಗುವಿನ ಬುದ್ಧಿಗೆ ಭಾರ ಎಂಬ ಹಳೆಯ ನಂಬಿಕೆಯನ್ನು 1962ರಲ್ಲಿ ಮಾಂಟ್ರಿಯಲ್‌ನ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಅಲುಗಾಡಿಸಿದರು. ನಮ್ಮಲ್ಲಿ ಮನೋವಿಜ್ಞಾನಿ ಅಜಿತ್ ಮೊಹಂತಿ ಒಡಿಶಾದ ಕೊಂಧ ಮಕ್ಕಳಲ್ಲಿ ಕುಯಿ–ಒಡಿಯಾ ಎರಡೂ ಬಲ್ಲವರು ಭಾಷೆಯ ಬಗ್ಗೆಯೇ ಯೋಚಿಸುವುದರಲ್ಲಿ ಮುಂದಿರುವುದನ್ನು ಕಂಡರು. ಲಾಭದ ಪ್ರಮಾಣ ಎಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಹಾನಿಯ ಭಯಕ್ಕೆ ಮಾತ್ರ ಆಧಾರವಿಲ್ಲ.

ಓದು ಕಲಿಯುವ ವೇಗ ಮಾತಿನದಕ್ಕಿಂತ ಬೇರೆ. ಕನ್ನಡ ಮಕ್ಕಳಿಗೆ ಅಕ್ಷರಗಳೆಲ್ಲ ಕೈವಶವಾಗಲು ಶಾಲೆಯ ಮೊದಲ ಒಂದೆರಡು ವರ್ಷ ಸಾಲದು ಎಂದು ಸೊನಾಲಿ ನಾಗ್ 2007ರಲ್ಲಿ ತೋರಿಸಿದರು. ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಮುದ್ರಿಸುತ್ತದೆ, ಜತ್ತದಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಕನ್ನಡ, ಮರಾಠಿ ಲಿಪಿಗಳ ವರ್ಣಮಾಲೆಯ ಕ್ರಮ ಒಂದೇ ಆದ್ದರಿಂದ ಒಂದರ ಕಲಿಕೆ ಇನ್ನೊಂದಕ್ಕೆ ಒದಗುತ್ತದೆ.

ಮಗುವಿನ ಮಾತು ತಡವಾದರೆ ಮನೆಯ ಕನ್ನಡವನ್ನು ಬಿಡಿಸಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಮಗುವಿಗೆ ಬರುವ ಪದಗಳನ್ನು ಎರಡೂ ಭಾಷೆಗಳಲ್ಲಿ ಕೂಡಿಸಿ ಎಣಿಸಿ.