ಬಿಟ್ಟಿ, ಜೀತ, ಶಿಬಿರ

'ಶ್ರಮಶಿಬಿರ'ವೆಂಬ ಪದವು ಇಂದಿನ ಕನ್ನಡದಲ್ಲಿ ಎರಡು ವಿರುದ್ಧಾರ್ಥಗಳನ್ನು ಹೊತ್ತಿರುವದು. ಸೋವಿಯತ್ ರಶಿಯದಲ್ಲಿ ಬಂದಿಗಳನ್ನು ದುಡಿಸಿದ ನೆಲೆಗೂ, ವಿದ್ಯಾರ್ಥಿಗಳು ಸ್ವಸಂತೋಷದಿಂದ ಹಳ್ಳಿಯ ದಾರಿಯನ್ನು ತಿದ್ದುವ ಬಿಡಾರಕ್ಕೂ ಅದೇ ಹೆಸರು. ಶಬ್ದವು ಹೊಸದಾದರೂ ಸಂಗತಿಯು ಹಳೆಯದು.

ಸಂಸ್ಕೃತದಲ್ಲಿ ಶಿಬಿರವೆಂದರೆ ದಂಡಿನ ಬೀಡು. ಕೌಟಿಲ್ಯನು ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿ 'ವಿಷ್ಟಿ'ಯ ಕೆಲಸಗಳನ್ನು ಹೇಳುವಾಗ ಶಿಬಿರ, ಮಾರ್ಗ, ಸೇತು, ಕೂಪಗಳ ಶೋಧನವನ್ನೂ ಆಯುಧಾದಿಗಳ ಹೊರೆಯನ್ನೂ ಎಣಿಸಿರುವನು. ಶಿಬಿರಕ್ಕೂ ಬಲವಂತದ ದುಡಿತಕ್ಕೂ ನಂಟು ಅಂದಿನಿಂದಲೇ ಉಂಟು. ಅಮರಸಿಂಹನಾದರೋ ವಿಷ್ಟಿಯನ್ನು ನರಕವರ್ಗದಲ್ಲಿ, ಯಾತನೆಯ ಮಗ್ಗುಲಲ್ಲಿಯೇ ಇರಿಸಿದನು. ಕೋಶವನ್ನು ಬಾಯಿಪಾಠ ಮಾಡುವ ಬಾಲಕರು ಇದನ್ನು ಗಮನಿಸುವದು ಅಪೂರ್ವ! ಕ್ರಿ. ಶ. 150ರ ಗಿರ್ನಾರದ ಶಾಸನವು, ರುದ್ರದಾಮನು ಪ್ರಜೆಗಳನ್ನು ಕರವಿಷ್ಟಿಗಳಿಂದ ಪೀಡಿಸದೆ ಸುದರ್ಶನ ತಟಾಕದ ಕಟ್ಟೆಯನ್ನು ಕಟ್ಟಿಸಿದನೆಂದು ಕೊಂಡಾಡುವದು. ಪೀಡಿಸುವದು ವಾಡಿಕೆಯಾಗಿರದಿದ್ದರೆ ಈ ಹೊಗಳಿಕೆಗೆ ಎಡೆಯೆಲ್ಲಿ? ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಊರಿನೊಡನೆ ಅಲ್ಲಿ ಒದಗುವ ವಿಷ್ಟಿಯನ್ನೂ ದಾನ ಕೊಟ್ಟಿರುವದುಂಟು.

ವರ್ಣವು ಬಣ್ಣವೂ ದೃಷ್ಟಿಯು ದಿಟ್ಟಿಯೂ ಆದಂತೆ ವಿಷ್ಟಿಯು ಕನ್ನಡದಲ್ಲಿ ಬಿಟ್ಟಿಯಾಯಿತು. ಮುಂದೆ ಪಾರಸಿಯ ಬೇಗಾರವು ಅದಕ್ಕೆ ಜೊತೆಯಾಯಿತು. ಆದರೆ ಇಂದು 'ಬಿಟ್ಟಿ ಸಿಕ್ಕಿತು' ಎಂದರೆ ಪುಕ್ಕಟೆ ದೊರೆತುದೆಂದಷ್ಟೇ ಅರ್ಥ. ದುಡಿದವನು ಶಬ್ದದೊಳಗಿಂದ ಮರೆಯಾಗಿ, ಪಡೆದವನೊಬ್ಬನೇ ಉಳಿದನು. ಜೀತದ ಗತಿಯು ಇದಕ್ಕೆ ತಿರುಗುಮುರುಗು. ಜೀವಿತದಿಂದ ಬಂದ ಆ ಶಬ್ದಕ್ಕೆ ಮೊದಲು ಬಾಳ್ವೆಗೆ ಕೊಡುವ ವೇತನವೆಂದೇ ಅರ್ಥವಿದ್ದು, ಕಡೆಗೆ ಅದು ಸಾಲದ ಸೆರೆಯ ಹೆಸರಾಯಿತು.

ಹೀಗೆ ಕೂಲಿಯುಂಟೋ ಇಲ್ಲವೋ ಎಂಬುದೊಂದರಿಂದಲೇ ದಾಸ್ಯವನ್ನು ಅಳೆಯಲಾಗದು. ಇದಕ್ಕೆ ಧಾರವಾಡ ಸೀಮೆಯದೇ ನಿದರ್ಶನವಿದೆ. 1876-78ರ ಕ್ಷಾಮದಲ್ಲಿ ಮುಂಬಯಿ ಸರಕಾರವು ಇಲ್ಲಿಯೂ ಬರಗಾಲದ ಕಾಮಗಾರಿಗಳನ್ನು ತೆರೆಯಿತು. 1877ರ ಜನವರಿಯಲ್ಲಿ ಅವುಗಳಲ್ಲಿ ಒಂದು ವರ್ಗದ ಕೂಲಿಯನ್ನು, ಗಂಡಾಳಿಗೆ ದಿನಕ್ಕೆ 1 ಪೌಂಡು ಧಾನ್ಯದ ಬೆಲೆ ಮತ್ತು ಅರ್ಧ ಆಣೆಗೆ ಇಳಿಸಲಾಯಿತು. ಸರ್ ರಿಚರ್ಡ್ ಟೆಂಪಲ್ಲನ ಈ ಅಳತೆ ದೇಹಧಾರಣೆಗೆ ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶನು ಪ್ರತಿಭಟಿಸಿದನು. ಮುಂಬಯಿ ಇಲಾಖೆಯ ಹಲವೆಡೆ ಜನರು ಕೆಲಸವನ್ನೇ ಬಿಟ್ಟು ನಡೆದರು. ಬಾಗಿಲಿಗೆ ಬೀಗವಿರಲಿಲ್ಲ, ನಿಜ. ಹೊರಗೆ ಕಾಳೂ ಇರಲಿಲ್ಲ.

1950ರ ಸಂವಿಧಾನದ 23ನೆಯ ವಿಧಿಯು ಬೇಗಾರವನ್ನು ಹೆಸರಿಸಿಯೇ ನಿಷೇಧಿಸಿತು. 1976ರ ಕಾಯಿದೆಯು ಜೀತಪದ್ಧತಿಯನ್ನು ರದ್ದುಗೊಳಿಸಿತು. ದಿಲ್ಲಿಯ ಏಷ್ಯಾಡ್ ಕಟ್ಟಡಗಳ ಕೂಲಿಕಾರರ ವಿಷಯದಲ್ಲಿ 1982ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಸಿವು ಬಡತನಗಳ ಒತ್ತಡದಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವದೂ ಬಲಾತ್ಕಾರದ ದುಡಿತವೇ ಎಂದು ನಿರ್ಣಯಿಸಿತು. ಆ ನ್ಯಾಯವನ್ನು ಹಿಂದಕ್ಕೆ ಒಯ್ದು ನೋಡಿದರೆ, 'ಪರಿಹಾರ'ವೆಂದು ಕಾಗದಪತ್ರಗಳಲ್ಲಿ ಹೆಸರಾದ 1877ರ ಆ ಕಾಮಗಾರಿಗಳೂ ಬಿಟ್ಟಿಯ ಚರಿತ್ರೆಗೇ ಸೇರತಕ್ಕವು.