ಕೆರೆ ಕೋಡಿಯ ಮಠ

ಶಿಕಾರಿಪುರ, ಸೊರಬದ ಕಡೆ ಕೆರೆಯಿಲ್ಲದ ಊರು ಸಿಗುವುದು ಕಷ್ಟ. ಮಳೆ ಜೋರಾದ ವರ್ಷ ಊರವರು ಒಬ್ಬರನ್ನೊಬ್ಬರು ಕೇಳುವುದು ‘ಕೋಡಿ ಬಿತ್ತಾ?’ ಎಂದೇ. ತುಂಬಿದ ಕೆರೆ ತನಗೆ ಹೆಚ್ಚಾದ ನೀರನ್ನು ಹೊರಗೆ ಬಿಟ್ಟುಕೊಡುವ ಜಾಗ ಕೋಡಿ. ಅಲ್ಲಿ ಮನೆ ಕಟ್ಟುವವರಿಲ್ಲ, ಸಂತೆ ಕೂಡುವುದಿಲ್ಲ. ಒಂಬೈನೂರು ವರ್ಷಗಳ ಹಿಂದೆ ಬಳ್ಳಿಗಾವಿಯ ತಾವರೆಗೆರೆಯ ಕೋಡಿಯಲ್ಲಿ ಒಂದು ಮಠವಿತ್ತು. ಜನ ಅದನ್ನು ಕೋಡಿಯ ಮಠ ಎಂದೇ ಕರೆದರು.

ಬಳ್ಳಿಗಾವಿ ಇವತ್ತು ಶಿರಾಳಕೊಪ್ಪದ ಮಗ್ಗುಲಿನ ಒಂದು ಹಳ್ಳಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ವರ್ತಕರು, ಶಿಲ್ಪಿಗಳು, ದಂಡನಾಯಕರು, ನೃತ್ಯಗಾತಿಯರು, ಪಂಡಿತರು ತುಂಬಿದ್ದ ಪಟ್ಟಣ. ಊರಿನ ನಡುವೆ ಇಂದಿಗೂ ನಿಂತಿರುವ ಗಂಡಭೇರುಂಡದ ಕಂಬ 1047ರದ್ದು. ಅಷ್ಟು ಗದ್ದಲದ ಊರಿಗೆ ತಾಗಿಕೊಂಡೇ, ಆದರೆ ಬೀದಿಗಳಿಂದ ಹೊರಗೆ, ನೀರಿನ ಪಕ್ಕದಲ್ಲಿ ಒಂದು ನಿಶ್ಶಬ್ದದ ಜಾಗ ಬೇಕೆಂದು ಆ ಕಾಲದವರಿಗೆ ಅನ್ನಿಸಿತ್ತು. ಈ ಆಸೆ ಒಂದು ದೇಶದ್ದಲ್ಲ, ಒಂದು ಮತದ್ದೂ ಅಲ್ಲ.

1098ರಲ್ಲಿ ಫ್ರಾನ್ಸಿನ ಸಿತೋ ಎಂಬಲ್ಲಿ ಕೆಲವು ಕ್ರೈಸ್ತ ಸನ್ಯಾಸಿಗಳು ಶ್ರೀಮಂತ ಮಠಗಳ ವೈಭವ ಬಿಟ್ಟು, ಜವುಗು ಕಾಡಿನ ನಡುವೆ ಹೊಸ ಮಠ ಕಟ್ಟಿದರು. ಸಿಸ್ಟರ್ಸಿಯನ್ ಪಂಥ ಹುಟ್ಟಿದ್ದು ಹಾಗೆ. ಮುಂದೆ 17ನೇ ಶತಮಾನದಲ್ಲಿ ನಾರ್ಮಂಡಿಯ ಲಾ ತ್ರಾಪ್ ಮಠದಲ್ಲಿ ಆ ಪಂಥದ ನಿಯಮಗಳು ಇನ್ನಷ್ಟು ಬಿಗಿಯಾದವು. ಅಲ್ಲಿಂದ ಟ್ರಾಪಿಸ್ಟ್ ಎಂಬ ಹೆಸರು ಬಂತು. ನಡುರಾತ್ರಿ ಕಳೆದು ಬೆಳಕು ಹರಿಯುವ ಮೊದಲೇ ಪ್ರಾರ್ಥನೆ, ಕೈಯಾರೆ ದುಡಿಮೆ, ಬೇಕಾದಷ್ಟೇ ಮಾತು. ಹೊರಗಿನವರೂ ಅಲ್ಲಿ ನಾಲ್ಕಾರು ದಿನ ಸುಮ್ಮನಿದ್ದು ಬರಬಹುದು. ಟ್ರಾಪಿಸ್ಟರು ಪಾಲಿಸುವ ಸಂತ ಬೆನೆಡಿಕ್ಟನ 6ನೇ ಶತಮಾನದ ನಿಯಮಾವಳಿಯಲ್ಲಿ ಬಂದ ಅತಿಥಿಯನ್ನು ಕ್ರಿಸ್ತನೆಂದೇ ಭಾವಿಸಿ ಬರಮಾಡಿಕೊಳ್ಳಬೇಕೆಂಬ ವಿಧಿಯಿದೆ. ಸಿತೋದಲ್ಲಿ ಮೊದಲ ಗುಡಿಸಲುಗಳು ಏಳುತ್ತಿದ್ದ ಹೊತ್ತಿಗೆ ಸರಿಸುಮಾರಾಗಿ ಕೋಡಿಯ ಮಠದಲ್ಲಿ ಸೋಮೇಶ್ವರ ಪಂಡಿತ ಆಚಾರ್ಯನಾಗಿದ್ದ. ಎರಡೂ ಕಡೆಯವರಿಗೆ ಪರಸ್ಪರರ ಸುಳಿವೇ ಇರಲಿಲ್ಲ.

ಕೋಡಿಯ ಮಠದವರು ಕಾಳಾಮುಖ ಶೈವರು. ಲಕುಲೀಶನ ಪಾಶುಪತ ಮಾರ್ಗದಿಂದ ಬಂದವರು. ಶಾಸನಗಳು ಅವರನ್ನು ಶಕ್ತಿಪರ್ಷೆಯವರು, ಪರ್ವತಾವಳಿಯವರು, ಮೂವರ ಕೋಣೆಯ ಸಂತತಿಯವರು ಎಂದು ಗುರುತಿಸುತ್ತವೆ. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ ಎಂದು ಮುಂದುವರಿದ ಗುರುಪರಂಪರೆ ವಾಮಶಕ್ತಿಯ ಕಾಲಕ್ಕೆ ತನ್ನ ಎತ್ತರ ಮುಟ್ಟಿತು. ಕಾಳಾಮುಖರೆಂದರೆ ತಲೆಬುರುಡೆಯಲ್ಲಿ ಉಣ್ಣುವ ಘೋರ ಆಚರಣೆಯವರು ಎಂದು ಎದುರು ಪಕ್ಷದ ಆಚಾರ್ಯರು ಬರೆದಿಟ್ಟಿದ್ದರು. ಬಹುಕಾಲ ಪಂಡಿತರೂ ಅದನ್ನೇ ನಂಬಿದ್ದರು. ಬಳ್ಳಿಗಾವಿಯ ಕಲ್ಲುಗಳು ಹೇಳುವ ಕಥೆ ಬೇರೆಯೇ.

ಅವುಗಳಲ್ಲಿ ದೊಡ್ಡದು 1162ರ ಶಾಸನ. ಕಳಚುರಿ ಬಿಜ್ಜಳ ದಕ್ಷಿಣದ ದಂಡಯಾತ್ರೆಯಲ್ಲಿ ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದ. ಬನವಾಸಿ ನಾಡನ್ನು ನೋಡಿಕೊಳ್ಳುತ್ತಿದ್ದ ಕಸಪಯ್ಯ ನಾಯಕ ಅವನ ಮುಂದೆ ಈ ಮಠದ ಹಿರಿಮೆಯನ್ನು ಬಿನ್ನವಿಸಿಕೊಂಡ: ಇದು ದಕ್ಷಿಣ ಕೇದಾರ, ಇದಕ್ಕೆ ದತ್ತಿ ಬಿಡಬೇಕು. ದತ್ತಿ ಬಿಡುವ ಮೊದಲು ಮಠ ಎಂಥದ್ದು ಎಂದು ಹೇಳಬೇಕಲ್ಲ, ಶಾಸನಕವಿ ಅಲ್ಲಿ ನಿಂತು ಸಾವಕಾಶವಾಗಿ ವರ್ಣಿಸುತ್ತಾನೆ. ವರ್ಣನೆಯ ತುಂಬ ಮರಳಿ ಮರಳಿ ಬರುವ ಪದ ‘ಸ್ಥಾನ’. ನೈಷ್ಠಿಕ ಬ್ರಹ್ಮಚಾರಿಗಳಾದ ಶಿವಮುನಿಗಳ ಅನುಷ್ಠಾನಕ್ಕೆ ಇದು ಸ್ಥಾನ. ನಾಲ್ಕೂ ವೇದಗಳನ್ನು ಅಂಗಗಳ ಸಹಿತ ಓದುವವರಿಗೆ ಸ್ಥಾನ. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳಿಗೆ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳಿಗೆ ಸ್ಥಾನ. ಲಾಕುಲ ಸಿದ್ಧಾಂತಕ್ಕೂ ಪತಂಜಲಿಯ ಯೋಗಕ್ಕೂ, ಹದಿನೆಂಟು ಪುರಾಣ, ಕಾವ್ಯ, ನಾಟಕಗಳಿಗೂ ಸ್ಥಾನ. ಶೈವ ಮಠವೊಂದು ಬೌದ್ಧ ದರ್ಶನವನ್ನೂ, ಜೈನನಾದ ಶಾಕಟಾಯನನ ವ್ಯಾಕರಣವನ್ನೂ ಓದಿಸುತ್ತಿತ್ತು ಎಂಬ ಒಂದೇ ಮಾತು ಸಾಕು, ಆ ಅಂಗಳದಲ್ಲಿ ಎಂಥ ಗಾಳಿ ಆಡುತ್ತಿತ್ತೆಂದು ತಿಳಿಯಲು.

ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಮನಸ್ಸು ಕರಗುವುದು ಅದರ ಮುಂದಿನ ಭಾಗಕ್ಕೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು ಬಂದರೆ ಅವರಿಗೆಲ್ಲ ಅನ್ನ. ಬತ್ತಲೆ ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸರು, ಪರಮಹಂಸರು, ನಾನಾ ದೇಶದ ಭಿಕ್ಷುಕರು ಬಂದರೆ ಅವರಿಗೂ ಅನ್ನ. ದಿಕ್ಕಿಲ್ಲದ ರೋಗಿಗಳಿಗೆ ಮದ್ದು. ಕೊನೆಯದಾಗಿ, ಎಲ್ಲ ಜೀವಿಗಳಿಗೂ ಅಭಯದ ಸ್ಥಾನ. ಅಂದರೆ ಮೌನ ಬಯಸಿ ಬಂದ ವಿರಕ್ತನೂ ಹಸಿದು ಬಂದ ಡೊಳ್ಳಿನವನೂ ಒಂದೇ ಬಾಗಿಲಲ್ಲಿ ಒಳಬರುತ್ತಿದ್ದರು. ಅಡಿಗೆಮನೆಯ ಸದ್ದು, ಪಾಠದ ಸದ್ದು, ರೋಗಿಯ ನರಳಾಟ, ಅದರ ನಡುವೆಯೇ ಒಬ್ಬ ಕಣ್ಣುಮುಚ್ಚಿ ಕುಳಿತಿರುತ್ತಿದ್ದ.

ಇಂಥ ನೆಮ್ಮದಿಯ ಹಿಂದೆ ದೊಡ್ಡ ಏರ್ಪಾಡು ಇರಬೇಕಾಗಿತ್ತು. ಟ್ರಾಪಿಸ್ಟರು ತಮ್ಮ ಹೊಲ, ಹೈನು, ಕೈಕೆಲಸಗಳಿಂದ ಬದುಕುತ್ತಾರೆ. ಬಳ್ಳಿಗಾವಿಯ ಆಚಾರ್ಯರು ಬದುಕಿದ್ದು ಗದ್ದೆ, ತೋಟ, ಸುಂಕಗಳ ದತ್ತಿಯಿಂದ. ಅರಸರೂ ಅಧಿಕಾರಿಗಳೂ ವರ್ತಕರೂ ಆಚಾರ್ಯನ ಕಾಲು ತೊಳೆದು, ನೀರು ಧಾರೆಯೆರೆದು ಕೊಟ್ಟ ಭೂಮಿಯದು. ಅದರ ಎಲ್ಲೆ, ಅಳತೆಗಳನ್ನು ಕಲ್ಲಿನಲ್ಲಿ ಕೊರೆಸಿ, ಕೆಡಿಸಿದವರಿಗೆ ಶಾಪವನ್ನೂ ಬರೆಸುತ್ತಿದ್ದರು. ಒಬ್ಬನ ಏಕಾಂತಕ್ಕೆ ಇಡೀ ನಾಡು ಅಕ್ಕಿ ಅಳೆದು ಕೊಡುತ್ತಿತ್ತು ಎಂದರೂ ತಪ್ಪಾಗದು.

ಕೋಡಿಯ ಮಠ ಒಂಟಿಯೂ ಆಗಿರಲಿಲ್ಲ. ಬಳ್ಳಿಗಾವಿಯ ಐದು ಮಠಗಳನ್ನು ಶಾಸನವೊಂದು ಹೆಸರಿಸುತ್ತದೆ: ಹರಿ, ಹರ, ಬ್ರಹ್ಮ, ಜಿನ, ಬುದ್ಧ, ಒಬ್ಬೊಬ್ಬರಿಗೂ ಒಂದು. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಜಯಂತಿ ಬೌದ್ಧವಿಹಾರ ಕಟ್ಟಿಸಿದ. ಎರಡು ವರ್ಷ ಕಳೆಯುವಷ್ಟರಲ್ಲಿ ನಾಗಿಯಕ್ಕ ಎಂಬ ಉಪಾಸಕಿ ತಾರಾಭಗವತಿಯ ಮೂರ್ತಿ ಮಾಡಿಸಿದಳು. ಬೌದ್ಧಧರ್ಮ ಕರ್ನಾಟಕದಲ್ಲಿ ಕಣ್ಮರೆಯಾಗುತ್ತಿದ್ದ ದಿನಗಳಲ್ಲಿ ಶೈವ ಆಚಾರ್ಯರ ನೆರೆಯಲ್ಲೇ ಒಂದು ವಿಹಾರ ಹೊಸದಾಗಿ ಎದ್ದಿತು. ಸೊರಬದ ಕುಪ್ಪಟೂರಿನಲ್ಲಿ 1077ರಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಜಿನಾಲಯವನ್ನು ಜೀರ್ಣೋದ್ಧಾರ ಮಾಡಿಸಿ, ಊರಿನ ಬ್ರಾಹ್ಮಣರಿಂದ ಅದಕ್ಕೆ ಬ್ರಹ್ಮಜಿನಾಲಯ ಎಂಬ ಹೆಸರಿಡಿಸಿದಳು.

ಇದಕ್ಕೂ ಹಿಂದಿನ, ಹೆಚ್ಚು ಆಳವಾದ ಒಂದು ಕಥೆ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿದೆ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡ ಎಪ್ಪತ್ತಕ್ಕೆ ನಾಗಾರ್ಜುನ ಎಂಬವನು ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥನಾಗಿದ್ದ. ಅವನು ಅರಸನ ಕೆಲಸದಲ್ಲೇ ತೀರಿಕೊಂಡ. ಅರಸ ಅವನ ಪದವಿಯನ್ನು ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟ. ಹೆಣ್ಣಾದರೂ ಆಳುವುದರಲ್ಲಿ ಸಮರ್ಥೆ ಎಂದು ಶಾಸನ ಅವಳನ್ನು ಹೊಗಳುತ್ತದೆ. ಎಪ್ಪತ್ತು ಹಳ್ಳಿಗಳ ಲೆಕ್ಕ, ತೆರಿಗೆ, ನ್ಯಾಯ ಎಲ್ಲ ಅವಳ ಕೈಯಲ್ಲಿ ಕೆಲವು ವರ್ಷ ನಡೆದವು. ಆಮೇಲೆ ಮೈಗೆ ಕಾಯಿಲೆ ಹತ್ತಿತು. ಲೋಕದ ಭೋಗಗಳು ಸಪ್ಪೆಯೆನ್ನಿಸಿದವು. ಮಗಳನ್ನು ಕರೆದು ಅಧಿಕಾರವನ್ನು ಅವಳಿಗೆ ಒಪ್ಪಿಸಿ, ಬಂದಳಿಕೆಯ ತೀರ್ಥಕ್ಕೆ ಬಂದು, ಬಸದಿಯಲ್ಲಿ ಆಹಾರ ಬಿಟ್ಟು ಸಾವನ್ನು ಎದುರುಗೊಳ್ಳುವ ಸಲ್ಲೇಖನದ ವ್ರತ ಹಿಡಿದು ಮುಡಿಪಿದಳು. ಆಗ 918.

ಜಕ್ಕಿಯಬ್ಬೆ ಬಸದಿಗೆ ಬಂದದ್ದು ನಾಲ್ಕು ದಿನ ಇದ್ದು ಹೋಗಲು ಅಲ್ಲ, ಅವಳು ಹಿಂದಿರುಗಲಿಲ್ಲ. ಆದರೂ ಅವಳ ಹೆಜ್ಜೆಗಳಲ್ಲಿ ಕಾಣುವ ಕ್ರಮ ಗಮನಿಸಬೇಕಾದ್ದು. ಹೊಣೆಯನ್ನು ಅರ್ಧಕ್ಕೆ ಬಿಟ್ಟು ಓಡಿದವಳಲ್ಲ ಅವಳು. ಕೊಡಬೇಕಾದವರಿಗೆ ಕೊಟ್ಟು, ಹೇಳಬೇಕಾದ್ದು ಹೇಳಿ, ಆಮೇಲೆ ನಡೆದಳು. ಅವಳ ಶಾಸನ ಓದುವಾಗ ಆಡಳಿತದ ಸಾಲಿನಿಂದ ವೈರಾಗ್ಯದ ಸಾಲಿಗೆ ಬರುವಲ್ಲಿ ದನಿ ತಗ್ಗಿದಂತೆ ಅನ್ನಿಸುತ್ತದೆ. ಸೊರಬ ತಾಲ್ಲೂಕಿನ ಹಿರೇಆವಲಿಯಲ್ಲಿ ಇದೇ ದಾರಿ ಹಿಡಿದವರ ನೆನಪಿನ ನಿಸಿಧಿಗಲ್ಲುಗಳು ಹತ್ತಾರು ನಿಂತಿವೆ. ಅರಸುಮನೆಯವರಷ್ಟೇ ಅಲ್ಲ, ಊರ ಗೌಡರು, ಅವರ ಹೆಂಡಂದಿರು, ಮಕ್ಕಳು. ಒಂದೇ ಹಳ್ಳಿಯ ಕುಟುಂಬಗಳು ತಲೆಮಾರುಗಳ ಕಾಲ ಸಾವನ್ನೂ ಒಂದು ವ್ರತವಾಗಿ, ಗುರುವಿನ ಎದುರು, ಶಾಂತವಾಗಿ ಬರಮಾಡಿಕೊಂಡವು.

ಮೌನದ ಮಾತು ಬಂದಾಗ ಬಳ್ಳಿಗಾವಿಯ ಅಲ್ಲಮನನ್ನು ಬಿಡಲಾಗದು. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಅವನು ಮದ್ದಳೆಗಾರ. ಪ್ರೀತಿಸಿದ ಕಾಮಲತೆಯನ್ನು ಕಳೆದುಕೊಂಡ ಸಂಕಟದಲ್ಲಿ ಅಲೆಯುತ್ತ ತೋಟವೊಂದರಲ್ಲಿ ಕುಳಿತಿದ್ದಾಗ, ಕಾಲ ಉಗುರಿಗೆ ನೆಲದೊಳಗಿನ ಕಳಸ ತಾಗುತ್ತದೆ. ಅಗೆಸಿದರೆ ಹೂತುಹೋದ ಗುಡಿ. ಒಳಗೆ ಸಮಾಧಿಯಲ್ಲಿ ಕುಳಿತ ಅನಿಮಿಷಯ್ಯ. ಅವನು ಉಪದೇಶದ ಮಾತಾಡುವುದಿಲ್ಲ. ಅವನ ಅಂಗೈಯ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷಯ್ಯನ ಉಸಿರು ನಿಲ್ಲುತ್ತದೆ. ಇದು ಕವಿಯ ಕಥೆ, ಚರಿತ್ರೆಯಲ್ಲ. ಆದರೆ ಇಷ್ಟು ಮಠಗಳಿದ್ದ ಊರಿನ ಮಗನಿಗೆ ಗುರು ಸಿಕ್ಕಿದ್ದು ಮಠದಲ್ಲಲ್ಲ, ಮಣ್ಣಿನಡಿಯಲ್ಲಿ ಎಂದು ಹರಿಹರ ಕಲ್ಪಿಸಿದ್ದು ಸುಮ್ಮನೆ ಅಲ್ಲ. ಪಕ್ಕದ ಉಡುತಡಿಯ ಅಕ್ಕಮಹಾದೇವಿಯೂ ಏಕಾಂತವನ್ನು ಹುಡುಕಿ ಹೊರಟದ್ದು ಕಲ್ಯಾಣದ ಮೂಲಕ ಶ್ರೀಶೈಲದ ಕದಳಿಗೆ. ಶರಣರ ಕಾಲಕ್ಕೆ ಕಟ್ಟಡಗಳ ಮೇಲಿನ ನಂಬಿಕೆ ಸಡಿಲತೊಡಗಿತ್ತು.

ವಾಮಶಕ್ತಿಯ ನಂತರ ಕಾಳಾಮುಖರ ಕಾಲ ಬಹಳ ದಿನ ಉಳಿಯಲಿಲ್ಲ. ಅವರ ಮಠಗಳು ಹಲವೆಡೆ ವೀರಶೈವ ಮಠಗಳಾಗಿ ಮಾರ್ಪಟ್ಟವು ಎಂದು ವಿದ್ವಾಂಸರು ಹೇಳುತ್ತಾರೆ. ಉಣಬಡಿಸುವ ಪದ್ಧತಿ ಮಾತ್ರ ದಾಸೋಹವೆಂಬ ಹೆಸರಲ್ಲಿ ಈ ಸೀಮೆಯ ಮಠಗಳಲ್ಲಿ ಇಂದಿಗೂ ಇದೆ. ‘ಅನುಷ್ಠಾನಕ್ಕೆ ಕೂತಿದ್ದಾರೆ’ ಎಂದರೆ ಸ್ವಾಮಿಗಳನ್ನು ಮಾತಾಡಿಸಬಾರದು ಎಂದು ಭಕ್ತರಿಗೆ ಈಗಲೂ ಗೊತ್ತು. ಬಿ.ಎಲ್. ರೈಸ್ 1902ರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಏಳನೇ ಸಂಪುಟದಲ್ಲಿ ಶಿಕಾರಿಪುರದ, 1904ರ ಎಂಟನೇ ಸಂಪುಟದಲ್ಲಿ ಸೊರಬದ ಶಾಸನಗಳನ್ನು ಅಚ್ಚುಹಾಕಿಸಿದ ಮೇಲೆ ಕೋಡಿಯ ಮಠ ಮತ್ತೆ ಓದುಗರ ಕಣ್ಣಿಗೆ ಬಿತ್ತು.

ಸಿತೋದ ಕವಲು ಕೂಡ ಕೊನೆಗೆ ನಮ್ಮ ಕಡೆ ಬಂತು. ಇಂಗ್ಲೆಂಡಿನ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದು ಮೊದಲು ನೆಲೆಸಲು ಯತ್ನಿಸಿದ್ದು ಬೆಂಗಳೂರಿನ ಕೆಂಗೇರಿಯಲ್ಲಿ. ಆ ಪ್ರಯತ್ನ ನೆಲೆಗೊಳ್ಳಲಿಲ್ಲ. 1958ರಲ್ಲಿ ಅವರು ಬೆಲ್ಜಿಯಮ್ಮಿನ ಸಿಸ್ಟರ್ಸಿಯನ್ ಸನ್ಯಾಸಿ ಫ್ರಾನ್ಸಿಸ್ ಆಚಾರ್ಯರ ಜೊತೆಗೂಡಿ ಕೇರಳದ ಬೆಟ್ಟಗಳಲ್ಲಿ ಕುರಿಸುಮಲ ಆಶ್ರಮ ಕಟ್ಟಿದರು. ಅಲ್ಲಿನವರು ಕಾವಿ ಉಟ್ಟರು, ನೆಲದ ಮೇಲೆ ಕುಳಿತು ಪ್ರಾರ್ಥಿಸಿದರು, ಹಸು ಸಾಕಿ ಹಾಲು ಮಾರಿದರು. 1998ರಲ್ಲಿ ಅದು ವಿಧಿವತ್ತಾಗಿ ಟ್ರಾಪಿಸ್ಟ್ ಪಂಥಕ್ಕೆ ಸೇರಿತು.

ಬಳ್ಳಿಗಾವಿಯಲ್ಲಿ ಮಠ ಹೋಗಿದೆ, ಅದರ ಕೇದಾರೇಶ್ವರನ ಗುಡಿ ಉಳಿದಿದೆ. ಒಂದೇ ಮಂಟಪಕ್ಕೆ ಮೂರು ಗರ್ಭಗುಡಿ. ಎರಡರಲ್ಲಿ ಲಿಂಗ, ಮೂರನೆಯದರಲ್ಲಿ ಜನಾರ್ದನ. ಶಿರಾಳಕೊಪ್ಪದಿಂದ ಬಂದವರು ಚಪ್ಪಲಿ ಬಿಟ್ಟು ತಣ್ಣನೆಯ ಕಲ್ಲು ಜಗಲಿಯ ಮೇಲೆ ಕೂರುತ್ತಾರೆ. ಕೆಲವರು ಪೂಜೆ ಮಾಡಿಸುತ್ತಾರೆ, ಕೆಲವರು ಫೋಟೊ ತೆಗೆಯುತ್ತಾರೆ. ಇನ್ನು ಕೆಲವರು ಏನೂ ಮಾಡದೆ ಕಂಬಕ್ಕೆ ಒರಗಿ ಸಂಜೆಯವರೆಗೆ ಕೂತಿರುತ್ತಾರೆ.