ಬೈಬಲ್ ಒಂದೇ, ಅದರ ಅರ್ಥ ಹೇಳೋ ಅಧಿಕಾರ ಯಾರದ್ದು?

'ಬೈಬಲ್‌ನಲ್ಲಿ ಹೀಗೇ ಬರೆದಿದೆ' ಅನ್ನುವ ಮಾತಿಗೆ ರಾಜಕಾರಣದಲ್ಲಿ ಇವತ್ತಿಗೂ ಬೆಲೆ ಇದೆ. ಅಮೆರಿಕದಲ್ಲಿ ಗರ್ಭಪಾತದ ಚರ್ಚೆ ಬಂದರೂ, ಸಲಿಂಗ ವಿವಾಹದ ಚರ್ಚೆ ಬಂದರೂ, ಹೆಣ್ಣುಮಕ್ಕಳು ಪಾದ್ರಿಗಳಾಗಬಹುದಾ ಎಂಬ ಪ್ರಶ್ನೆ ಎದ್ದರೂ ಎರಡೂ ಕಡೆಯವರು ಅದೇ ಪುಸ್ತಕವನ್ನು ಎತ್ತಿ ತೋರಿಸುತ್ತಾರೆ. ಹೊರಗಿನಿಂದ ನೋಡುವವರಿಗೆ ಕ್ರೈಸ್ತರೆಂದರೆ ಒಂದು ಪುಸ್ತಕ, ಒಬ್ಬ ಪೋಪ್, ಒಂದು ಚರ್ಚ್ ಅಂತ ಕಾಣುತ್ತದೆ. ವಾಸ್ತವ ಹಾಗಿಲ್ಲ. ಪುಸ್ತಕ ದೇವರದ್ದು ಅನ್ನೋದರಲ್ಲಿ ಅವರೊಳಗೆ ದೊಡ್ಡ ಜಗಳ ಇಲ್ಲ. ಜಗಳ ಇರೋದು ಅದರ ಅರ್ಥವನ್ನು ಅಂತಿಮವಾಗಿ ಹೇಳುವವರು ಯಾರು ಎಂಬುದರಲ್ಲಿ.

ಇದು ನಮಗೆ ಅಪರಿಚಿತ ಪ್ರಶ್ನೆಯೇನಲ್ಲ. ನಮ್ಮ ಸಂವಿಧಾನವನ್ನೇ ತಗೊಳ್ಳಿ. 'ಮೂಲ ಸಂರಚನೆ' ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣದಲ್ಲಿ 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದು ಸಂವಿಧಾನದ ಭಾಗವೇ ಎಂಬಂತೆ ನಡೆದುಬಂದಿದೆ. ಪಠ್ಯ ಒಂದು ಕಡೆ, ಅದರ ಅರ್ಥ ಹೇಳುವ ಅಧಿಕಾರ ಇನ್ನೊಂದು ಕಡೆ. ಬೈಬಲ್‌ಗೆ ಇಂಥದ್ದೊಂದು ಸುಪ್ರೀಂ ಕೋರ್ಟ್ ಬೇಕಾ? ಬೇಕಾದರೆ ಅದು ಯಾವುದು? ಕ್ಯಾಥೊಲಿಕ್, ಆರ್ಥೊಡಾಕ್ಸ್, ಪ್ರೊಟೆಸ್ಟೆಂಟ್ ಪಂಥಗಳು ಬೇರೆಯಾಗುವುದು ಮುಖ್ಯವಾಗಿ ಇಲ್ಲೇ.

ಪುಸ್ತಕದ ಲೆಕ್ಕದಲ್ಲೇ ವ್ಯತ್ಯಾಸ

ಬೈಬಲ್ ಎನ್ನುವುದು ಒಂದು ಪುಸ್ತಕವಲ್ಲ, ಪುಸ್ತಕಗಳ ಸಂಗ್ರಹ. ಪ್ರೊಟೆಸ್ಟೆಂಟರ ಬೈಬಲ್‌ನಲ್ಲಿ 66 ಪುಸ್ತಕಗಳಿವೆ, ಕ್ಯಾಥೊಲಿಕರದ್ದರಲ್ಲಿ 73. ಇಥಿಯೋಪಿಯಾದ ಆರ್ಥೊಡಾಕ್ಸ್ ಚರ್ಚ್ 81 ಎಂದು ಎಣಿಸುತ್ತದೆ. ಹೊಸ ಒಡಂಬಡಿಕೆಯ 27 ಪುಸ್ತಕಗಳ ಬಗ್ಗೆ ಈ ಮೂರು ಪ್ರಮುಖ ಪಂಥಗಳಲ್ಲಿ ತಕರಾರಿಲ್ಲ. ತಕರಾರು ಇರುವುದು ತೋಬಿತ, ಯೂದಿತ, ಮಕ್ಕಾಬಿಯರಂಥ ಹಳೆ ಒಡಂಬಡಿಕೆಯ ಕೆಲವು ಪುಸ್ತಕಗಳ ಬಗ್ಗೆ. ಇವು ಗ್ರೀಕ್ ಅನುವಾದದಲ್ಲಿದ್ದವು, ಯೆಹೂದ್ಯರ ಹೀಬ್ರೂ ಪಟ್ಟಿಯಲ್ಲಿ ಇರಲಿಲ್ಲ.

ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಇವತ್ತು ಇರುವಂತೆಯೇ ಪಟ್ಟಿ ಮಾಡಿದ ಮೊದಲ ಬರಹ ನಮಗೆ ಸಿಗುವುದು ಕ್ರಿ.ಶ. 367ರಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಬರೆದ ಪತ್ರದಲ್ಲಿ. ಅಂದರೆ ಯೇಸುವಿನ ನಂತರ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಚರ್ಚ್ ಇತ್ತು, ಆದರೆ ಎಲ್ಲರೂ ಒಪ್ಪಿದ ಪಟ್ಟಿ ಇರಲಿಲ್ಲ. ಕ್ಯಾಥೊಲಿಕರು ಹಿಡಿದುಕೊಳ್ಳುವುದು ಇದನ್ನೇ: 'ಯಾವುದು ಬೈಬಲ್ ಅಂತ ಹೇಳಿದ್ದೇ ಚರ್ಚ್. ಹಾಗಿರುವಾಗ ಚರ್ಚನ್ನು ಬಿಟ್ಟು ಬೈಬಲ್ ಹಿಡ್ಕೊಳ್ಳೋದು ಹೇಗೆ?' ಪ್ರೊಟೆಸ್ಟೆಂಟರ ಉತ್ತರ: 'ಅಕ್ಕಸಾಲಿಗ ಚಿನ್ನವನ್ನು ಒರೆಗೆ ಹಚ್ಚಿ ನೋಡುತ್ತಾನೆ. ಹಾಗಂತ ಚಿನ್ನವನ್ನು ಅವನೇ ಮಾಡಿದ ಅಂತಲ್ಲ.' ಎರಡು ವಾದಗಳಿಗೂ ತೂಕವಿದೆ. ಅದಕ್ಕೇ ಈ ಚರ್ಚೆ ಇನ್ನೂ ಮುಗಿದಿಲ್ಲ.

ಕ್ಯಾಥೊಲಿಕ್: ಗ್ರಂಥ, ಪರಂಪರೆ, ಬೋಧನಾಧಿಕಾರ

ಲೂಥರ್ ಎಬ್ಬಿಸಿದ ಬಿರುಗಾಳಿಗೆ ಉತ್ತರವಾಗಿ ಸೇರಿದ ಟ್ರೆಂಟ್ ಮಹಾಸಭೆ 1546ರಲ್ಲಿ ಎರಡು ವಿಷಯ ಸ್ಪಷ್ಟಪಡಿಸಿತು. ಪುಸ್ತಕಗಳ ಪಟ್ಟಿಯನ್ನು ಅಧಿಕೃತಗೊಳಿಸಿತು. ಜೊತೆಗೆ ಪವಿತ್ರ ಗ್ರಂಥವನ್ನೂ ಪ್ರೇಷಿತರಿಂದ ಹರಿದುಬಂದ ಪರಂಪರೆಯನ್ನೂ ಸಮಾನ ಗೌರವದಿಂದ ಸ್ವೀಕರಿಸಬೇಕು ಎಂದಿತು. ಎರಡಕ್ಕೂ ಅರ್ಥ ಹೇಳುವ ಅಧಿಕಾರ ಪೋಪ್ ಮತ್ತು ಅವರೊಂದಿಗಿರುವ ಬಿಷಪರದ್ದು.

1870ರ ಜುಲೈ 18ರಂದು ಮೊದಲ ವ್ಯಾಟಿಕನ್ ಮಹಾಸಭೆ ಒಂದು ಹೆಜ್ಜೆ ಮುಂದೆ ಹೋಗಿ ಪೋಪ್ ಅವರ 'ಅಚ್ಯುತತೆ'ಯನ್ನು, ಅಂದರೆ ತಪ್ಪು ಮಾಡಲಾರರು ಎಂಬುದನ್ನು, ಸಿದ್ಧಾಂತವಾಗಿ ಘೋಷಿಸಿತು. ಇದನ್ನು ಬಹಳ ಜನ ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಪೋಪ್ ಆಡಿದ ಮಾತೆಲ್ಲ ಸತ್ಯ ಅಂತ ಇದು ಹೇಳುವುದಿಲ್ಲ. ನಂಬಿಕೆ ಅಥವಾ ನೈತಿಕತೆಯ ವಿಷಯದಲ್ಲಿ, ಇಡೀ ಚರ್ಚಿಗೆ ಅನ್ವಯಿಸುವಂತೆ, ತಮ್ಮ ಪೀಠದ ಪೂರ್ಣ ಅಧಿಕಾರದಿಂದ ಘೋಷಿಸಿದಾಗ ಮಾತ್ರ ಅದು ಅನ್ವಯ. 1870ರ ನಂತರ ಈ ಅಧಿಕಾರ ಸ್ಪಷ್ಟವಾಗಿ ಬಳಕೆಯಾಗಿದ್ದು ಒಮ್ಮೆ. 1950ರಲ್ಲಿ 12ನೇ ಪಯಸ್, ಮರಿಯಮ್ಮನವರು ದೇಹ ಮತ್ತು ಆತ್ಮ ಸಮೇತ ಸ್ವರ್ಗಕ್ಕೆ ಸ್ವೀಕೃತರಾದರು ಎಂದು ಘೋಷಿಸಿದಾಗ. ಬೈಬಲ್‌ನಲ್ಲಿ ಈ ಘಟನೆಯ ನೇರ ವಿವರಣೆ ಇಲ್ಲ. ಪರಂಪರೆಗೆ ಎಷ್ಟು ತೂಕ ಇದೆ ಅನ್ನೋದು ಇಲ್ಲಿ ಗೊತ್ತಾಗುತ್ತದೆ.

ಆದರೆ ಚಿತ್ರ ಅಲ್ಲಿಗೇ ನಿಲ್ಲಲಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವಕ ಎಂದಿತು. ಸಾಮಾನ್ಯ ವಿಶ್ವಾಸಿಗಳ ಕೈಗೆ ಬೈಬಲ್ ಸಿಗಬೇಕು ಎಂದಿತು. ಅದೇ ಮಹಾಸಭೆ ಲ್ಯಾಟಿನ್ ಪೂಜೆಯ ಜಾಗಕ್ಕೆ ಜನರ ಭಾಷೆ ಬರಲು ದಾರಿ ಮಾಡಿಕೊಟ್ಟಿತು. 'ಜನರ ಭಾಷೆ ಅಂದರೆ ಯಾರ ಭಾಷೆ?' ಎಂಬ ಪ್ರಶ್ನೆ ಆಗ ಎದ್ದಿತು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡಕ್ಕೆ ಜಾಗ ಕೇಳಿ ಕನ್ನಡ ಕ್ಯಾಥೊಲಿಕರು ದಶಕಗಳ ಕಾಲ ಹೋರಾಡಿದ್ದರ ಹಿನ್ನೆಲೆ ಇದು.

ಆರ್ಥೊಡಾಕ್ಸ್: ಪೋಪ್ ಇಲ್ಲ, ಒಂಟಿ ಓದುಗನೂ ಇಲ್ಲ

ಗ್ರೀಕ್, ರಷ್ಯನ್ ಮೊದಲಾದ ಪೂರ್ವದ ಚರ್ಚುಗಳು ಮೂರನೇ ದಾರಿ ಹಿಡಿದಿವೆ. ಅವರ ಪ್ರಕಾರ ಗ್ರಂಥ ಮತ್ತು ಪರಂಪರೆ ಎರಡು ಬೇರೆ ವಸ್ತುಗಳಲ್ಲ. ಪರಂಪರೆಯ ಒಡಲಲ್ಲೇ ಗ್ರಂಥ ಇದೆ. 325ರ ನಿಸಿಯಾದಿಂದ 787ರವರೆಗೆ ನಡೆದ ಏಳು ಮಹಾಸಭೆಗಳ ತೀರ್ಮಾನ ಅವರಿಗೆ ಪ್ರಮಾಣ. ಇಡೀ ಚರ್ಚಿನ ಮೇಲೆ ಒಬ್ಬನೇ ವ್ಯಕ್ತಿ ಅಧಿಕಾರ ಚಲಾಯಿಸುವುದನ್ನು ಅವರು ಒಪ್ಪುವುದಿಲ್ಲ.

ಹಾಗಾದ್ರೆ ಬಿಷಪರೆಲ್ಲ ಸೇರಿ ತಪ್ಪು ಮಾಡಿದರೆ? 1439ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ನಡೆದಿದ್ದು ನೋಡಿ. ತುರ್ಕರ ಭಯದಲ್ಲಿದ್ದ ಬೈಜಾಂಟಿಯಂ ಚಕ್ರವರ್ತಿಗೆ ಪಶ್ಚಿಮದ ಸೈನ್ಯ ಬೇಕಿತ್ತು. ಅದಕ್ಕಾಗಿ ಪೂರ್ವದ ಬಿಷಪರು ರೋಮ್ ಜೊತೆ ಐಕ್ಯದ ಒಪ್ಪಂದಕ್ಕೆ ಸಹಿ ಹಾಕಿದರು. ಎಫೆಸದ ಮಾರ್ಕ್ ಸಹಿ ಹಾಕಲು ಒಪ್ಪಲಿಲ್ಲ. ಊರಿಗೆ ಮರಳಿದ ಮೇಲೆ ಸನ್ಯಾಸಿಗಳು ಮತ್ತು ಸಾಮಾನ್ಯ ಜನ ಒಪ್ಪಂದವನ್ನು ತಿರಸ್ಕರಿಸಿದರು. ಕೊನೆಗೆ ಅದು ಕಾಗದದಲ್ಲೇ ಉಳಿಯಿತು. 1848ರಲ್ಲಿ ಪೂರ್ವದ ಪೇಟ್ರಿಯಾರ್ಕರು ಪೋಪ್‌ಗೆ ಕೊಟ್ಟ ಉತ್ತರದಲ್ಲಿ, ನಂಬಿಕೆಯ ಕಾವಲುಗಾರರು ಚರ್ಚಿನ ದೇಹವೇ ಆಗಿರುವ ಜನರು ಎಂದರು.

ಪ್ರೊಟೆಸ್ಟೆಂಟ್: ಗ್ರಂಥವೊಂದೇ, ಆದರೆ ಓದುಗರು ಹಲವರು

1519ರಲ್ಲಿ ಲೈಪ್‌ಜಿಗ್‌ನ ವಾಗ್ವಾದದಲ್ಲಿ ಮಾರ್ಟಿನ್ ಲೂಥರ್, ಪೋಪ್ ಮಾತ್ರವಲ್ಲ ಮಹಾಸಭೆಗಳೂ ತಪ್ಪಬಹುದು ಎಂದರು. 1521ರಲ್ಲಿ ವೋರ್ಮ್ಸ್‌ನಲ್ಲಿ ಚಕ್ರವರ್ತಿಯ ಎದುರು ನಿಂತು, ಗ್ರಂಥದಿಂದ ಅಥವಾ ಸ್ಪಷ್ಟ ತರ್ಕದಿಂದ ತೋರಿಸಿಕೊಡದ ಹೊರತು ಮಾತು ಹಿಂದೆಗೆಯಲಾರೆ ಎಂದರು. ಮರುವರ್ಷವೇ ಅವರ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾಯಿತು. ಜನರ ಕೈಗೆ ಜನರ ಭಾಷೆಯಲ್ಲಿ ಗ್ರಂಥ ಕೊಡುವ ಈ ಹುಮ್ಮಸ್ಸೇ ಮುಂದೆ ಮಿಷನರಿಗಳನ್ನು ಬಳ್ಳಾರಿ, ಮಂಗಳೂರಿಗೂ ತಂದಿತು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರ ಕೆಲಸದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು.

ಆದರೆ ಎಲ್ಲರೂ ಓದಲು ಶುರು ಮಾಡಿದ ಮೇಲೆ ಎಲ್ಲರೂ ಒಂದೇ ಅರ್ಥ ಮಾಡಿಕೊಳ್ಳುತ್ತಾರಾ? 1525ರಲ್ಲಿ ಜರ್ಮನಿಯ ರೈತರು ಜೀತದಿಂದ ಬಿಡುಗಡೆ ಕೇಳಿ ಹನ್ನೆರಡು ಬೇಡಿಕೆಗಳನ್ನು ಮುಂದಿಟ್ಟರು. ಇದರಲ್ಲಿ ಯಾವುದಾದರೂ ಗ್ರಂಥಕ್ಕೆ ವಿರುದ್ಧ ಅಂತ ತೋರಿಸಿದರೆ ವಾಪಸ್ ತಗೊಳ್ತೀವಿ ಅಂತಲೂ ಬರೆದರು. ಲೂಥರ್ ಹೇಳಿಕೊಟ್ಟ ಪಾಠವನ್ನೇ ಅವರು ಒಪ್ಪಿಸಿದ್ದು. ಬಂಡಾಯ ಜೋರಾದಾಗ ಲೂಥರ್ ನಿಂತಿದ್ದು ರಾಜರ ಕಡೆ. 1529ರಲ್ಲಿ ಮಾರ್ಬರ್ಗ್‌ನಲ್ಲಿ ಲೂಥರ್ ಮತ್ತು ಜ್ಯೂರಿಕ್‌ನ ಜ್ವಿಂಗ್ಲಿ ಎದುರುಬದುರು ಕೂತರು. 15 ಅಂಶಗಳಲ್ಲಿ 14ಕ್ಕೆ ಒಪ್ಪಿಗೆ ಆಯಿತು. ಕರ್ತನ ಭೋಜನದ ರೊಟ್ಟಿ ಬಗ್ಗೆ ಯೇಸು ಆಡಿದ 'ಇದು ನನ್ನ ದೇಹ' ಎಂಬ ಮಾತನ್ನು ನೇರ ಅರ್ಥದಲ್ಲಿ ತಗೊಳ್ಳಬೇಕಾ, ಸಂಕೇತವಾಗಿಯಾ ಎಂಬಲ್ಲಿ ಮುರಿದುಬಿತ್ತು. ಇಬ್ಬರಿಗೂ ಗ್ರಂಥವೇ ಪ್ರಮಾಣ. ಇಬ್ಬರ ನಡುವೆ ತೀರ್ಪು ಕೊಡೋ ನ್ಯಾಯಾಧೀಶ ಮಾತ್ರ ಇರಲಿಲ್ಲ.

ಇದಕ್ಕೆ ಪ್ರೊಟೆಸ್ಟೆಂಟರು ಬೇರೆ ಬೇರೆ ಪರಿಹಾರ ಕಂಡುಕೊಂಡರು. ಆಂಗ್ಲಿಕನ್ನರು ಗ್ರಂಥದ ಜೊತೆ ವಿವೇಕ ಮತ್ತು ಪರಂಪರೆಗೂ ಜಾಗ ಕೊಟ್ಟರು. ಬ್ಯಾಪ್ಟಿಸ್ಟರಲ್ಲಿ ಪ್ರತಿ ಸ್ಥಳೀಯ ಸಭೆ ಸ್ವತಂತ್ರ. ಪೆಂಟೆಕೋಸ್ಟಲರು ಪವಿತ್ರಾತ್ಮದ ನೇರ ಅನುಭವಕ್ಕೆ ಒತ್ತು ಕೊಡುತ್ತಾರೆ.

ಗುಲಾಮಗಿರಿಯ ಪರೀಕ್ಷೆಯಲ್ಲಿ

ಇದೆಲ್ಲ ಪಾದ್ರಿಗಳ ಪಾಂಡಿತ್ಯದ ಜಗಳ ಅನ್ನಿಸಿದರೆ ಗುಲಾಮಗಿರಿಯ ಇತಿಹಾಸ ನೋಡಿ. 1807ರಲ್ಲಿ ಲಂಡನ್ನಿನಲ್ಲಿ ಕೆರಿಬಿಯನ್ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಯಿತು. ಇಸ್ರೇಲರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆ ಅದರಲ್ಲಿ ಇರಲಿಲ್ಲ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಭಾಗ ಇತ್ತು. ಅಮೆರಿಕದಲ್ಲಿ 1844-45ರಲ್ಲಿ ಮೆಥಡಿಸ್ಟರೂ ಬ್ಯಾಪ್ಟಿಸ್ಟರೂ ಇದೇ ಪ್ರಶ್ನೆಯ ಮೇಲೆ ಉತ್ತರ-ದಕ್ಷಿಣ ಎಂದು ಒಡೆದರು. ಆಗ ಹುಟ್ಟಿದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಗುಲಾಮಗಿರಿಯಲ್ಲಿ ತನ್ನ ಪಾತ್ರಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ.

ಹಾಗಾದ್ರೆ ಮೇಲೊಬ್ಬ ಪೋಪ್ ಇದ್ದಿದ್ದರೆ ಸರಿಹೋಗ್ತಿತ್ತಾ? 1452ರಲ್ಲಿ ಪೋಪ್ 5ನೇ ನಿಕೋಲಸ್, ಕ್ರೈಸ್ತರಲ್ಲದವರನ್ನು ಶಾಶ್ವತ ಗುಲಾಮಗಿರಿಗೆ ತಳ್ಳುವ ಅನುಮತಿಯನ್ನು ಪೋರ್ಚುಗಲ್ ರಾಜನಿಗೆ ಕೊಟ್ಟರು. 1537ರಲ್ಲಿ 3ನೇ ಪೌಲ್, ಅಮೆರಿಕದ ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಮಾಡಕೂಡದು ಎಂದರು. ಅದೇ ಪೀಠ, ಎರಡು ಮಾತು. 1452ರ ಆದೇಶದಂಥ ದಾಖಲೆಗಳ ಬಲದ ಮೇಲೆ ಬೆಳೆದ ವಸಾಹತು ಸಿದ್ಧಾಂತವನ್ನು ವ್ಯಾಟಿಕನ್ ಔಪಚಾರಿಕವಾಗಿ ತಳ್ಳಿಹಾಕಿದ್ದು 2023ರಲ್ಲಿ. ಗ್ರಂಥವೊಂದೇ ಸಾಕು ಎಂದವರನ್ನು ಗ್ರಂಥ ಕಾಪಾಡಲಿಲ್ಲ. ಅಧಿಕಾರ ಬೇಕು ಎಂದವರನ್ನು ಅಧಿಕಾರ ಕಾಪಾಡಲಿಲ್ಲ.

ಮಹಿಳೆಯರ ವಿಷಯದಲ್ಲೂ ಅಷ್ಟೇ. ಹೆಂಗಸರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಚರ್ಚಿಗಿಲ್ಲ ಎಂದು 1994ರಲ್ಲಿ ಪೋಪ್ 2ನೇ ಜಾನ್ ಪೌಲ್ ಪ್ರಶ್ನೆ ಮುಚ್ಚಿದರು. ಪೋಪ್ ಇಲ್ಲದ ಸದರ್ನ್ ಬ್ಯಾಪ್ಟಿಸ್ಟರೂ 2000ದಲ್ಲಿ ಗ್ರಂಥದ ಆಧಾರದ ಮೇಲೆ ಪಾಸ್ಟರ್ ಹುದ್ದೆ ಗಂಡಸರಿಗೆ ಮಾತ್ರ ಎಂದರು. ನಮ್ಮಲ್ಲಿ, 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಸೇರಿ ಆದ ಸಿಎಸ್‌ಐ 2013ರಲ್ಲಿ ಇ. ಪುಷ್ಪಲಲಿತಾ ಅವರನ್ನು ಬಿಷಪ್ ಮಾಡಿತು. ಅದೂ ಅದೇ ಬೈಬಲ್ ಓದಿಯೇ.

ಭಾರತದಲ್ಲಿ

1653ರಲ್ಲಿ ಕೇರಳದ ಮಟ್ಟಾಂಚೇರಿಯಲ್ಲಿ ಸಿರಿಯನ್ ಕ್ರೈಸ್ತರು ಪೋರ್ಚುಗೀಸ್ ಪಾದ್ರಿಗಳ ಅಧಿಕಾರ ಒಪ್ಪೋದಿಲ್ಲ ಎಂದು ಶಿಲುಬೆಯ ಮುಂದೆ ಪ್ರತಿಜ್ಞೆ ಮಾಡಿದರು. ಆ ಪರಂಪರೆಯ ಒಂದು ಕವಲಿನಲ್ಲಿ ಇವತ್ತಿಗೂ ಆರ್ಥೊಡಾಕ್ಸ್ ಮತ್ತು ಜಾಕೊಬೈಟ್ ಬಣಗಳ ಜಗಳ ಇದೆ. ಎರಡೂ ಬಣಕ್ಕೆ ಬೈಬಲ್ ಒಂದೇ, ಪೂಜಾವಿಧಿ ಒಂದೇ. ಸಿರಿಯಾದ ಪೇಟ್ರಿಯಾರ್ಕರ ಮಾತು ನಡೀಬೇಕಾ, ಕೊಟ್ಟಾಯಂನ ಕ್ಯಾಥೊಲಿಕೋಸರ ಮಾತಾ ಎಂಬುದೇ ವಿವಾದ. 2017ರಲ್ಲಿ ಸುಪ್ರೀಂ ಕೋರ್ಟ್, ಚರ್ಚಿನ 1934ರ ಸಂವಿಧಾನದ ಪ್ರಕಾರ ಆಡಳಿತ ನಡೆಯಬೇಕು ಎಂದಿತು. ಚರ್ಚಿನ ಅಧಿಕಾರದ ಪ್ರಶ್ನೆ ಕೊನೆಗೆ ನಿಜವಾದ ಕೋರ್ಟಿಗೇ ಬಂತು.

ಇನ್ನೊಂದು ತಿರುವು ಬೆಂಗಳೂರಿನದು. 1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣ ದಲಿತ ದೇವತಾಶಾಸ್ತ್ರಕ್ಕೆ ನಾಂದಿಯಾಯಿತು. ಬೈಬಲ್ ಓದುವ ಜಾಗದಲ್ಲಿ ಇಷ್ಟು ದಿನ ಕೂತವರು ಯಾರು, ಭಾರತದ ಕ್ರೈಸ್ತರಲ್ಲಿ ದಲಿತರೇ ಬಹುಪಾಲು ಇರುವಾಗ ಅವರ ನೋವು ಆ ಓದಿನಲ್ಲಿ ಎಲ್ಲಿದೆ ಎಂದು ಈ ಚಿಂತನೆ ಕೇಳಿತು. ಪೋಪ್, ಮಹಾಸಭೆ, ಒಂಟಿ ಓದುಗ ಎಂಬ ಹಳೆಯ ಮೂರು ಉತ್ತರಗಳ ಪಕ್ಕದಲ್ಲಿ ಅದು 'ತುಳಿಸಿಕೊಂಡವರು' ಎಂಬ ನಾಲ್ಕನೆಯದನ್ನು ಇಟ್ಟಿತು.

ಈ ಪ್ರಶ್ನೆ ಚರ್ಚಿನ ಗೋಡೆಯೊಳಗೇ ಉಳಿಯುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇದೆ. ಕ್ರೈಸ್ತರಾದ ದಲಿತರಿಗೆ ಇಲ್ಲ. 'ಕ್ರೈಸ್ತ ಧರ್ಮದಲ್ಲಿ ಜಾತಿ ಇಲ್ಲವಲ್ಲ' ಎನ್ನುವುದು ಇದಕ್ಕೆ ಕೊಡುವ ಮುಖ್ಯ ಸಮರ್ಥನೆ. ಪುಸ್ತಕದಲ್ಲಿ ಜಾತಿ ಇಲ್ಲ ನಿಜ. ಆದರೆ ಬದುಕಿನಲ್ಲಿ ಜಾತಿ ಅನುಭವಿಸಿದವರ ಮಾತಿಗಿಂತ ಪುಸ್ತಕದ ಮಾತೇ ದೊಡ್ಡದು ಎಂದು ತೀರ್ಮಾನಿಸಿದ್ದು ಯಾವ ಚರ್ಚೂ ಅಲ್ಲ, ಸರ್ಕಾರ. ಹಾಗಾಗಿ ಮುಂದಿನ ಸಲ ಪಾದ್ರಿಯಾಗಲಿ, ಸೆನೆಟರ್ ಆಗಲಿ, ಮಂತ್ರಿಯಾಗಲಿ 'ಧರ್ಮಗ್ರಂಥ ಹೀಗೆ ಹೇಳುತ್ತದೆ' ಅಂದಾಗ, ಗ್ರಂಥದಲ್ಲಿ ಅದು ಇದೆಯಾ ಅಂತ ಹುಡುಕಿದರೆ ಸಾಲದು. ಅದರ ಅರ್ಥ ಹೇಳುವ ಅಧಿಕಾರ ನಿಮಗೆ ಯಾರು ಕೊಟ್ಟರು, ಆ ಅರ್ಥದಿಂದ ಲಾಭ ಯಾರಿಗೆ ಅಂತಲೂ ಕೇಳಬೇಕು.